ಔಟ್‌ಲುಕ್‌ನ ಹಳೆ ಮೇಲ್ ಥಂಡರ್‌ಬರ್ಡ್‌ಗೆ ಬರ್ತಿಲ್ವಾ? ಹೀಗೆ ಮಾಡಿ ನೋಡಿ

ಔಟ್‌ಲುಕ್, ಥಂಡರ್‌ಬರ್ಡ್ ಎರಡೂ ಕಂಪ್ಯೂಟರ್‌ನಲ್ಲಿ ಮೇಲ್ ನೋಡುವ ತಂತ್ರಾಂಶಗಳು. ವರ್ಷಗಟ್ಟಲೆ ಕೂಡಿಟ್ಟ ಮೇಲ್‌ಗಳನ್ನು ಔಟ್‌ಲುಕ್‌ನಿಂದ ಥಂಡರ್‌ಬರ್ಡ್‌ಗೆ ಸಾಗಿಸುವಾಗ ಕೆಲವು ಫೋಲ್ಡರ್ ಬರುತ್ತವೆ, ಕೆಲವು ಖಾಲಿ ಕಾಣುತ್ತವೆ. ಗಾಬರಿ ಬೇಡ. ಹಳೆ ಫೈಲ್ ಅಳಿಸದೆ ಇಟ್ಟುಕೊಂಡಿದ್ದರೆ ಮುಕ್ಕಾಲು ಪಾಲು ತೊಂದರೆ ಸರಿಹೋಗುತ್ತದೆ.

ಮೊದಲು ಔಟ್‌ಲುಕ್ ಮುಚ್ಚಿ, ಔಟ್‌ಲುಕ್ ಮೇಲ್‌ಗಳನ್ನು ಕೂಡಿಡುವ ಪಿಎಸ್‌ಟಿ ಫೈಲಿನ ಒಂದು ನಕಲು ಮಾಡಿಕೊಳ್ಳಿ. ಪೆನ್‌ಡ್ರೈವ್‌ಗೆ ಹಾಕುವಾಗ ಜಾಗ ಇದ್ದರೂ 'ಫೈಲ್ ದೊಡ್ಡದು' ಅಂತ ಬಂದರೆ, ಅದು ಫ್ಯಾಟ್32 ಎಂಬ ಹಳೆ ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಇರಬೇಕು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ನಿಮ್ಮ ಹತ್ತಿರ ಇರುವುದು ಒಎಸ್‌ಟಿ ಫೈಲ್ ಆಗಿದ್ದರೆ ಅದು ಬರೀ ಸರ್ವರ್‌ನ ನಕಲು, ಖಾತೆ ಮುಚ್ಚಿದ ಮೇಲೆ ಅದನ್ನು ತೆರೆಯುವುದು ಬಹಳ ಕಷ್ಟ. ಆದ್ದರಿಂದ ಖಾತೆ ಇರುವಾಗಲೇ ಔಟ್‌ಲುಕ್‌ನಿಂದ ಪಿಎಸ್‌ಟಿಯಾಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಫೈಲ್ ತೆರೆಯುತ್ತಲೇ ಇಲ್ವಾ? ಔಟ್‌ಲುಕ್ ಜೊತೆಗೇ ಸ್ಕ್ಯಾನ್‌ಪಿಎಸ್‌ಟಿ ಎಂಬ ರಿಪೇರಿ ಸಾಧನ ಬರುತ್ತದೆ. ಅದನ್ನು ನಕಲಿನ ಮೇಲೆ ಓಡಿಸಿ, ತಪ್ಪು ತೋರಿಸುವುದು ನಿಲ್ಲುವವರೆಗೆ ಮತ್ತೆ ಮತ್ತೆ ಓಡಿಸಿ. ಔಟ್‌ಲುಕ್ 2002 ಅಥವಾ ಅದಕ್ಕಿಂತ ಹಿಂದಿನ ಪಿಎಸ್‌ಟಿ ಫೈಲಿಗೆ 2 ಜಿಬಿ ಮಿತಿ ಇತ್ತು, ಅಲ್ಲಿಗೆ ಮುಟ್ಟಿದ ಫೈಲುಗಳೇ ಜಾಸ್ತಿ ಕೆಟ್ಟಿರುತ್ತವೆ.

ಇನ್ನು ಸಾಗಿಸುವ ಕೆಲಸ. ಥಂಡರ್‌ಬರ್ಡ್‌ನ ಇಂಪೋರ್ಟ್ ಕೆಲಸ ಮಾಡಬೇಕಾದರೆ ಅದೇ ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಇರಬೇಕು. ಅದು ಕೈಕೊಟ್ಟರೆ ನಾನು ಹೇಳುವ ದಾರಿ ಐಮ್ಯಾಪ್, ಅಂದರೆ ಮೇಲ್‌ಗಳನ್ನು ಸರ್ವರ್‌ನಲ್ಲೇ ಇಟ್ಟು ಯಾವ ತಂತ್ರಾಂಶದಿಂದ ಬೇಕಾದರೂ ನೋಡುವ ವ್ಯವಸ್ಥೆ: ಔಟ್‌ಲುಕ್‌ಗೆ ನಿಮ್ಮ ಜಿಮೇಲ್ ಖಾತೆ ಸೇರಿಸಿ, ಪಿಎಸ್‌ಟಿಯಿಂದ ಒಂದೊಂದೇ ಫೋಲ್ಡರ್ ಅದಕ್ಕೆ ಕಾಪಿ ಮಾಡಿ, ಆಮೇಲೆ ಅದೇ ಖಾತೆಯನ್ನು ಥಂಡರ್‌ಬರ್ಡ್‌ನಲ್ಲಿ ತೆರೆಯಿರಿ. ದಯವಿಟ್ಟು ಕಾಪಿ ಮಾಡಿ, ಮೂವ್ ಮಾಡಬೇಡಿ. ನಡುವೆ ನೆಟ್ ಹೋದರೆ ಮೇಲ್ ಎರಡೂ ಕಡೆ ಇಲ್ಲದಂತಾಗುವ ಅಪಾಯ ಇದೆ. ಜಿಮೇಲ್ ಐಮ್ಯಾಪ್ ಮೂಲಕ ದಿನಕ್ಕೆ 500 ಎಂಬಿ ಮಾತ್ರ ಒಳಗೆ ಬಿಡುತ್ತದೆ. ಅಲ್ಲಿಗೆ ನಿಂತರೆ ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ, ಮರುದಿನ ಮುಂದುವರಿಸಿ. ಉಚಿತ ಖಾತೆಯ ಒಟ್ಟು ಜಾಗ 15 ಜಿಬಿ, ಅದರಲ್ಲಿ ಫೋಟೊ, ಡ್ರೈವ್ ಎಲ್ಲಾ ಸೇರಿದೆ ಅನ್ನುವುದು ನೆನಪಿರಲಿ.

ಪ್ರತಿ ಫೋಲ್ಡರ್ ಮುಗಿದಾಗ ಎರಡೂ ಕಡೆ ಮೇಲ್ ಎಣಿಕೆ ಹೋಲಿಸಿ. ಕಡಿಮೆ ಕಂಡರೆ ಥಂಡರ್‌ಬರ್ಡ್‌ನಲ್ಲಿ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ ರಿಪೇರ್ ಫೋಲ್ಡರ್ ಒತ್ತಿ. ಸಾಮಾನ್ಯವಾಗಿ ಕೆಟ್ಟಿರುವುದು ಎಂಎಸ್‌ಎಫ್ ಎಂಬ ಸೂಚಿ ಫೈಲ್ ಅಷ್ಟೇ, ಅದನ್ನು ಥಂಡರ್‌ಬರ್ಡ್ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲೇ ಅದೇ ಹೆಸರಿನ, ಎಕ್ಸ್‌ಟೆನ್ಶನ್ ಇಲ್ಲದ ಫೈಲ್ ಇರುತ್ತದೆ. ನಿಮ್ಮ ಮೇಲ್‌ಗಳೆಲ್ಲ ಇರುವುದು ಅದರಲ್ಲೇ, ಅದನ್ನು ಮುಟ್ಟಬೇಡಿ.

ಒಂದೇ ಮೇಲ್ ಎರಡೆರಡು ಸಲ ಕಂಡರೆ ಅದು ಜಿಮೇಲ್ ಲೇಬಲ್‌ಗಳ ಕೆಲಸ. ಪ್ರತಿ ಲೇಬಲ್ಲೂ ಒಂದು ಫೋಲ್ಡರ್ ಆಗಿ ಕಾಣುತ್ತದೆ, 'ಆಲ್ ಮೇಲ್'ನಲ್ಲಿ ಮತ್ತೊಮ್ಮೆ ಬರುತ್ತದೆ.

ಹಳೆ ಕನ್ನಡ ಮೇಲ್‌ಗಳಲ್ಲಿ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಅದು ಸಾಗಾಟದ ತಪ್ಪಲ್ಲ. ಆಗ ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದರು, ಅದು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರ ಸಂಕೇತ ಅಲ್ಲ. ಎನ್‌ಕೋಡಿಂಗ್ ಬದಲಿಸಿ ಪ್ರಯೋಜನವಿಲ್ಲ. ಪಠ್ಯವನ್ನು ನಕಲಿಸಿ, ಆ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಸರಿಯಾಗಿ ಓದಬಹುದು.