ಕೋಕಣ ಕಡಾದಲ್ಲಿ ಇಂದ್ರವಜ್ರ ನೋಡಿದ್ದು

ಮಂಜಿನ ಮೇಲೆ ಬಿದ್ದ ನಮ್ಮ ನೆರಳಿನ ತಲೆ ಸುತ್ತ ಮೂಡುವ ಬಣ್ಣದ ಉಂಗುರವೇ ಇಂದ್ರವಜ್ರ. ಮಹಾರಾಷ್ಟ್ರದ ಹರಿಶ್ಚಂದ್ರಗಡ ಬೆಟ್ಟದಲ್ಲಿ ಅದನ್ನು ಕಾಣಬೇಕೆಂದರೆ ನಸೀಬು ಬೇಕು ಅಂತ ಪುಣೆಯ ಚಾರಣಿಗರು ಹೇಳುತ್ತಾರೆ. ಮಂಜಿನ ಮಟ್ಟಿಗೆ ಆ ಮಾತು ನಿಜ, ಮಿಕ್ಕಿದ್ದೆಲ್ಲ ನೆರಳಿನ ಲೆಕ್ಕ.

ಈ ಗಡದ ಕೋಕಣ ಕಡಾ ಪಶ್ಚಿಮಕ್ಕೆ ಮುಖ ಮಾಡಿದ, ಒಳಕ್ಕೆ ಬಾಗಿದ ಭಾರೀ ಬಂಡೆ. ಕೆಳಗೆ ಕೊಂಕಣ. ಬೆನ್ನಿಗೆ ಬಿಸಿಲು, ಎದುರಿಗೆ ಕಾಲ್ಕೆಳಗೆ ಮಂಜು, ಎರಡೂ ಒಟ್ಟಿಗೆ ಸಿಗಬೇಕಾದರೆ ಬೆಳಗಿನ ಹೊತ್ತೇ ಆಗಬೇಕು. ಹಾಗಾಗಿ ನಾವು ಹಿಂದಿನ ದಿನವೇ ಪಾಚನಯಿ ಹಳ್ಳಿಯ ಕಡೆಯಿಂದ ಹತ್ತಿ ಗಡದ ಮೇಲೆ ಉಳಿಯುತ್ತೇವೆ. ಮಳೆಗಾಲ ಹಿಂದೆ ಸರಿಯುವ ಸೆಪ್ಟೆಂಬರ್ ನನಗೆ ಹೆಚ್ಚು ಒದಗಿ ಬಂದಿದೆ.

ಉಂಗುರದ ನಡುಬಿಂದು ಯಾವಾಗಲೂ ನೋಡುವವನ ತಲೆಯ ನೆರಳಿನ ಮೇಲೇ ಇರುತ್ತದೆ. ಅಂದಮೇಲೆ ಆ ನೆರಳು ಬಂಡೆಯ ಅಂಚು ದಾಟಿ ಮಂಜಿನ ಮೇಲೆ ಬೀಳಬೇಕು. ಸೂರ್ಯ 20 ಡಿಗ್ರಿ ಎತ್ತರದಲ್ಲಿದ್ದಾಗ, ಅಂದರೆ ಆ ತಿಂಗಳಲ್ಲಿ ಬೆಳಿಗ್ಗೆ 8ರ ಸುಮಾರಿಗೆ, ಐದೂವರೆ ಅಡಿ ಆಳಿನ ನೆರಳು 15 ಅಡಿ ಉದ್ದ. ಅಂಚಿನಿಂದ 10 ಅಡಿ ಹಿಂದೆ ನಿಂತರೂ ಸಾಕು. ಒಂಬತ್ತೂವರೆ ದಾಟಿದರೆ ನೆರಳು ನಮ್ಮ ಎತ್ತರಕ್ಕಿಳಿಯುತ್ತದೆ, ಆಗ ಅಂಚಿಗೇ ಹೋಗಬೇಕಾಗುತ್ತದೆ. ಕೆಳಗಿನಿಂದ ಗಾಳಿ ನುಗ್ಗುವ ಆ ಜಾಗದಲ್ಲಿ ಅದು ಬೇಡವೇ ಬೇಡ. ಹೊತ್ತೇರಿತೆಂದರೆ ಹಿಂದಿರುಗಿ ಬನ್ನಿ.

ಒಮ್ಮೆ ಧಾರವಾಡ ಕಡೆಯ ಹುಡುಗನೊಬ್ಬ ಜೊತೆಗಿದ್ದ. ಮಂಜು ಮೇಲೆದ್ದಿತು, ಒಳಗೆ ನೀಲಿ, ಹೊರಗೆ ಕೆಂಪು ಅಂಚಿನ ಉಂಗುರ ಮೂಡಿತು.

“ಅಣ್ಣಾ, ನನ್ನ ತಲಿ ಸುತ್ತ ಬಳಿ ಬಿದ್ದೈತಿ, ನಿಮ್ಮ ನೆರಳಿಗೆ ಇಲ್ಲ ನೋಡ್ರಿ!”

“ಇಲ್ಲೋ ತಮ್ಮಾ, ನನಗ ನನ್ನ ತಲಿಗಷ್ಟ ಕಾಣಾಕತ್ತೈತಿ.”

ಇಬ್ಬರದೂ ಸರಿ. ಮಂಜಿನ ಹನಿ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಹನಿಯ ಅಂಚನ್ನು ಸವರಿ ಹೋದ ಬೆಳಕು ಅದರ ಮೈಯನ್ನೇ ಹಿಡಿದು ಒಂದಿಷ್ಟು ಸಾಗಿ ತಿರುಗುತ್ತದೆ, ಹೀಗೆ ಮರಳಿದ ಅಲೆಗಳು ಒಂದಕ್ಕೊಂದು ಕೂಡಿ ಬಣ್ಣಗಳು ಬೇರ್ಪಡುತ್ತವೆ. ಅವನ ಕಣ್ಣಿಗೆ ಮರಳುವ ಬೆಳಕು ನನ್ನ ಕಣ್ಣಿಗೆ ಬರುವುದಿಲ್ಲ. ಕಾಮನಬಿಲ್ಲು ತಲೆಯ ನೆರಳಿನ ಬಿಂದುವಿನಿಂದ 42 ಡಿಗ್ರಿ ದೂರ, ಇದು ಅದಕ್ಕಿಂತ ತೀರ ಚಿಕ್ಕದು. ಹನಿ ಸಣ್ಣದಾದಷ್ಟೂ ಉಂಗುರ ದೊಡ್ಡದು. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನಾನು ಅಳೆಯುವುದು ಹಾಗೆಯೇ. ಮಂಜು ಬದಲಾದಂತೆ ಉಂಗುರ ಹಿಗ್ಗಿ ಕುಗ್ಗುವುದು ಮುಷ್ಟಿಯ ಪಕ್ಕದಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.

ಆ ದಿನ ನಮ್ಮ ನೆರಳು ರಾಕ್ಷಸಾಕಾರವಾಗಿಯೂ ಕಂಡಿತು, ಅದು ಮಾತ್ರ ನಮ್ಮ ಮಿದುಳಿನ ಕೆಲಸ. ಹತ್ತಿರದ ಮಂಜಿನ ಮೇಲೆ ಬಿದ್ದದ್ದನ್ನು ದೂರದ ಗುಡ್ಡಗಳ ಸಾಲಿನಲ್ಲಿಟ್ಟು ನೋಡುತ್ತೇವೆ, ಅದಕ್ಕೇ ಅಷ್ಟು ದೊಡ್ಡದೆನಿಸುತ್ತದೆ.

ಇದೇ ಬೆಟ್ಟದಲ್ಲಿ ಕಂಡ ದುಂಡನೆಯ ಕಾಮನಬಿಲ್ಲನ್ನು ಬ್ರಿಟಿಷ್ ಅಧಿಕಾರಿ ಕರ್ನಲ್ ಸೈಕ್ಸ್ 1835ರಲ್ಲಿ ಪ್ರಕಟವಾದ ತನ್ನ ಬರಹದಲ್ಲಿ ದಾಖಲಿಸಿದ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲೆ 1894ರಲ್ಲಿ ಇಂಥದ್ದನ್ನೇ ಕಂಡ ವಿಜ್ಞಾನಿ ಸಿ. ಟಿ. ಆರ್. ವಿಲ್ಸನ್ ಅದನ್ನು ಪ್ರಯೋಗಶಾಲೆಯಲ್ಲಿ ಮೂಡಿಸಹೊರಟು, ಒಳಗೇ ಮೋಡ ಕಟ್ಟಿಸುವ ಮೋಡಪೆಟ್ಟಿಗೆ (ಕ್ಲೌಡ್ ಚೇಂಬರ್) ಕಟ್ಟಿದ. 1927ರ ನೊಬೆಲ್ ಬಂದದ್ದು ಆ ಪೆಟ್ಟಿಗೆಗೆ.

ಬೆಟ್ಟ ಹತ್ತಲಾಗದವರಿಗೆ ಪುಣೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ವಿಮಾನವಿದೆ. ಬಲಬದಿಯ ಕಿಟಕಿ ಹಿಡಿಯಿರಿ, ಸೂರ್ಯ ಎಡಕ್ಕಿರುತ್ತಾನೆ. ಮೋಡದ ಮೇಲೆ ವಿಮಾನದ ನೆರಳು ಬಿದ್ದಾಗ ಉಂಗುರದ ನಡುವೆ ಬರುವ ಭಾಗ ಯಾವುದೆಂದು ಗಮನಿಸಿ. ನೀವು ಕೂತ ಸೀಟು ಅಲ್ಲೇ ಇದೆ.