ಬೆಲೆ ಬರೆಯಿರಿ, ಚಿತ್ರ ಮಾರಿ

ಬೆಂಗಳೂರಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಮೆಚ್ಚಿದವರೆಲ್ಲ ಅಂದೇ ಕೊಳ್ಳುವುದಿಲ್ಲ. ಕಲಾವಿದರ ಕಾರ್ಡ್ ಇಸಿದುಕೊಂಡು ಹೋಗಿ, ಮನೆಯ ಗೋಡೆ ಅಳೆದು, ಆಮೇಲೆ ವೆಬ್‌ಸೈಟ್ ತೆರೆಯುತ್ತಾರೆ. ಅಲ್ಲಿ ರಾಶಿ ಚಿತ್ರ, ಕಲಾವಿದರ ಉದ್ದನೆಯ ಪರಿಚಯ, ಕೊನೆಗೆ ‘ಬೆಲೆಗಾಗಿ ಸಂಪರ್ಕಿಸಿ’. ಯಾರೂ ಸಂಪರ್ಕಿಸುವುದಿಲ್ಲ. ಸೈಟಿನಿಂದಲೇ ಚಿತ್ರ ಮಾರಬೇಕೆಂದರೆ ಹೀಗೆ ಮಾಡಿ.

ಹಂತ 1: ಡೊಮೇನ್
ಡೊಮೇನ್ ಎಂದರೆ ಸೈಟಿನ ವಿಳಾಸ. ನಿಮ್ಮ ಹೆಸರಿನದೇ ತೆಗೆದುಕೊಳ್ಳಿ. ಸೈಟ್ ಮಾಡಿಕೊಡುವ ಹುಡುಗನ ಇಮೇಲ್‌ನಲ್ಲಿ ನೋಂದಾಯಿಸಬೇಡಿ. ಅವನು ಫೋನ್ ಎತ್ತದ ದಿನ ಸೈಟೂ ಕೈತಪ್ಪುತ್ತದೆ. ಮೊದಲ ವರ್ಷದ ಅಗ್ಗದ ದರಕ್ಕೆ ಮರುಳಾಗದೆ ನವೀಕರಣದ ದರ ನೋಡಿ.

ಹಂತ 2: ಆಯ್ಕೆ
ಹದಿನೈದು ಚಿತ್ರ ಸಾಕು. ಕಾಲೇಜು ಕಾಲದ ಸ್ಕೆಚ್ ಬೇಡ.

ಹಂತ 3: ಫೋಟೊ
ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ಚಿತ್ರವನ್ನು ಫ್ರೇಮಿನ ಗಾಜಿನಿಂದ ಹೊರತೆಗೆಯಿರಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಗೋಡೆಗೆ ತೂಗುಹಾಕಿ, ಟ್ಯೂಬ್‌ಲೈಟ್ ಆರಿಸಿ. ಎರಡು ಬೆಳಕು ಬೆರೆತರೆ ಬಿಳಿ ಕಾಗದಕ್ಕೂ ಒಂದೊಂದು ಬದಿಗೆ ಒಂದೊಂದು ಬಣ್ಣ ಬರುತ್ತದೆ. ಕ್ಯಾಮೆರಾ ಚಿತ್ರದ ನಟ್ಟನಡುವಿನ ಎತ್ತರದಲ್ಲಿರಲಿ. ಫೋನಾದರೆ ಹತ್ತಿರ ನುಗ್ಗಬೇಡಿ. ಹಿಂದೆ ಸರಿದು 2ಎಕ್ಸ್ ಜೂಮ್ ಇಡಿ, ಇಲ್ಲವಾದರೆ ಅಂಚುಗಳು ಬಾಗುತ್ತವೆ. ಟೈಮರ್ ಹಾಕಿ, ಕೈ ನಡುಕ ಸೇರದಿರಲಿ.

ಮೈಸೂರು ಶೈಲಿಯ ಚಿತ್ರಗಳ ಪಾಡೇ ಬೇರೆ. ಚಿನ್ನದ ರೇಕು ತನ್ನೆದುರು ಇರುವುದನ್ನೇ ಪ್ರತಿಫಲಿಸುತ್ತದೆ. ಎದುರಿಗೆ ಕತ್ತಲ ಕೋಣೆಯಿದ್ದರೆ ದೇವಿಯ ಕಿರೀಟ ತುಕ್ಕು ಹಿಡಿದ ತಗಡಿನಂತೆ ಕಾಣುತ್ತದೆ. ಫ್ಲ್ಯಾಶ್ ಹೊಡೆದರೆ ಕಿರೀಟವೇ ಇಲ್ಲ, ಬರೀ ಬಿಳಿ ಕಲೆ. ಕ್ಯಾಮೆರಾದ ಹಿಂದೆ ಬಿಳಿ ಬೆಡ್‌ಶೀಟ್ ಇಳಿಬಿಟ್ಟು, ಅದರ ಮೇಲೆ ಕಿಟಕಿಯ ಬೆಳಕು ಬೀಳುವಂತೆ ಮಾಡಿ. ನೀವೂ ಬಿಳಿ ಅಂಗಿ ತೊಡಿ. ಕಪ್ಪು ಟಿ–ಶರ್ಟ್ ತೊಟ್ಟು ನಿಂತರೆ ಆ ಕಪ್ಪು ಚಿನ್ನದೊಳಗೆ ಇಳಿಯುತ್ತದೆ. ಆಮೇಲೆ ಒಂದು ಬದಿಯಿಂದ ಮಾತ್ರ ಬೆಳಕು ಬಿಟ್ಟು, ಗೆಸ್ಸೊ (ಚಿನ್ನದ ರೇಕಿನಡಿ ಉಬ್ಬಾಗಿ ಬಳಿಯುವ ಲೇಪ) ಕೆಲಸದ ಉಬ್ಬಿನ ನೆರಳು ಕಾಣುವಷ್ಟು ಹತ್ತಿರದಿಂದ ಇನ್ನೊಂದು ತೆಗೆಯಿರಿ. ಇದು ಮುದ್ರಿತ ಪ್ರತಿಯಲ್ಲ, ಕೈಕೆಲಸ ಎಂದು ಕೊಳ್ಳುವವರಿಗೆ ನಂಬಿಕೆ ಬರುವುದು ಈ ಫೋಟೊದಿಂದ.

ಮೂರನೆಯ ಫೋಟೊ ಗಾತ್ರ ತಿಳಿಯಲು: ಚಿತ್ರ ಗೋಡೆಯ ಮೇಲೆ, ಪಕ್ಕದಲ್ಲೊಂದು ಕುರ್ಚಿ ಇಟ್ಟು. ಆ್ಯಪ್‌ಗಳಲ್ಲಿ ಸಿಗುವ ಐಷಾರಾಮಿ ಸೋಫಾದ ಮೇಲೆ ಚಿತ್ರ ಅಂಟಿಸುವ ಚಾಳಿ ಬೇಡವೇ ಬೇಡ. ಹತ್ತು ಇಂಚಿನ ಚಿತ್ರ ನಾಲ್ಕಡಿಯಂತೆ ಕಂಡು, ಪಾರ್ಸೆಲ್ ಬಿಚ್ಚಿದವರು ಸಿಟ್ಟಾಗುತ್ತಾರೆ.

ಅಪ್‌ಲೋಡ್ ಮಾಡುವಾಗ ಉದ್ದದ ಬದಿ 1,600 ಪಿಕ್ಸೆಲ್ ಇರಲಿ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಎ3 ಮುದ್ರಿಸಲು 3,508 × 4,961 ಪಿಕ್ಸೆಲ್ ಬೇಕು. ಆ ದೊಡ್ಡ ಫೈಲ್ ನಿಮ್ಮಲ್ಲೇ ಇರಲಿ. ಚಿತ್ರದ ಮೇಲೆ ಅಡ್ಡಡ್ಡ ವಾಟರ್‌ಮಾರ್ಕ್ ಹಾಕುವವರು ಕಳ್ಳರಿಗಿಂತ ಹೆಚ್ಚಾಗಿ ಗಿರಾಕಿಗಳನ್ನೇ ಓಡಿಸುತ್ತಾರೆ.

ಹಂತ 4: ವಿವರ ಮತ್ತು ಬೆಲೆ
ಅಳತೆ ಇಂಚಿನಲ್ಲೂ ಸೆಂಟಿಮೀಟರಿನಲ್ಲೂ, ಮಾಧ್ಯಮ, ವರ್ಷ, ಮೂಲ ಚಿತ್ರವೋ ಪ್ರಿಂಟೋ, ಫ್ರೇಮ್ ಉಂಟೋ ಇಲ್ಲವೋ. ಕೆಳಗೆ ಬೆಲೆ, ಕೊರಿಯರ್ ಖರ್ಚು ಸೇರಿಸಿಯೇ. ಬೆಲೆ ಬರೆದರೆ ಚೌಕಾಸಿ ಮಾಡುತ್ತಾರೆಂಬ ಭಯವೇ? ಬರೆಯದಿದ್ದರೂ ಮಾಡುತ್ತಾರೆ. ‘ಚಿತ್ರ ಕೊಂಡವರಿಗೆ ಕಾಪಿರೈಟ್ ಸೇರುವುದಿಲ್ಲ’ ಎಂಬ ಸಾಲೂ ಇರಲಿ. 1957ರ ಕಾಯ್ದೆಯ ಪ್ರಕಾರ ಆ ಹಕ್ಕನ್ನು ಲಿಖಿತವಾಗಿ ವಹಿಸಿಕೊಡಬೇಕು. ಆದರೂ ಕೊಂಡ ಚಿತ್ರವನ್ನು ಕ್ಯಾಲೆಂಡರ್‌ಗೆ ಹಾಕಿಸುವವರಿದ್ದಾರೆ.

ಹಂತ 5: ಹಣ
ಸೈಟಿನಲ್ಲೇ ಹಣ ಪಡೆದು ನಿಮ್ಮ ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇಗಳು ಸಾಮಾನ್ಯವಾಗಿ ಶೇ 2ರಷ್ಟು ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಹಿಡಿಯುತ್ತವೆ. ಅಂದರೆ 1,500 ರೂಪಾಯಿಯ ಪ್ರಿಂಟ್‌ಗೆ 35 ರೂಪಾಯಿ 40 ಪೈಸೆ. ತಿಂಗಳಿಗೆ ಒಂದೆರಡು ಮಾರಾಟವಾದರೆ ಯುಪಿಐ ಕ್ಯೂಆರ್ ಸಾಕು, ಆದರೆ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ. ಹಣ ಖಾತೆಗೆ ಬಂದಿದೆಯೇ ನೋಡಿ.

ಹಂತ 6: ತೆರಿಗೆ
ಹೊರ ರಾಜ್ಯಕ್ಕೆ ಸರಕು ಮಾರಲು ವಹಿವಾಟು ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಮಾತ್ರ ವರ್ಷಕ್ಕೆ 20 ಲಕ್ಷ ರೂಪಾಯಿವರೆಗೆ ಷರತ್ತಿನ ವಿನಾಯಿತಿ ಇದೆ. ಮೈಸೂರು ಚಿತ್ರವೂ ಸೇರಿ ಕೈಯಿಂದ ಬರೆದ ಚಿತ್ರಗಳು ಆ ಪಟ್ಟಿಯಲ್ಲಿವೆ. ಆ ವಿನಾಯಿತಿಗೆ ಪ್ಯಾನ್ ಮತ್ತು ಇ–ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಚೀಟಿ) ಬೇಕಾಗುತ್ತದೆ. ಪ್ರಿಂಟ್ ಮಾರುವವರು ಇದೇ ವಿನಾಯಿತಿ ತಮಗೂ ಉಂಟೆಂದು ಕೂರದೆ ಆಡಿಟರ್ ಬಳಿ ಹೋಗಿ.

ಹಂತ 7: ಪಾರ್ಸೆಲ್
ಪ್ರಿಂಟ್ ಸುರುಳಿ ಸುತ್ತಿ ಒಳಗಿಡಲು ಕೊಳಾಯಿ ಅಂಗಡಿಯ ನಾಲ್ಕಿಂಚಿನ ಪಿವಿಸಿ ಪೈಪ್‌ಗಿಂತ ಗಟ್ಟಿಯಾದದ್ದು ಬೇರಿಲ್ಲ. ಗೆಸ್ಸೊ ಕೆಲಸದ ಚಿತ್ರವನ್ನು ಸುತ್ತಿದರೆ ಬಿರುಕು ಬಿಡುತ್ತದೆ, ಅದನ್ನು ಎರಡು ಪ್ಲೈವುಡ್ ಹಲಗೆಗಳ ನಡುವೆ ಚಪ್ಪಟೆಯಾಗಿಯೇ ಕಳಿಸಿ. ಗಾಜು ಕಳಿಸಲೇಬೇಡಿ. ಹಣ ಬಂದ ಕೂಡಲೇ, ಪಾರ್ಸೆಲ್ ಕಟ್ಟುವುದಕ್ಕೂ ಮೊದಲೇ, ಸೈಟಿನಲ್ಲಿ ‘ಮಾರಾಟವಾಗಿದೆ’ ಎಂದು ಹಾಕಿ. ಒಂದೇ ಚಿತ್ರಕ್ಕೆ ಇಬ್ಬರು ಹಣ ಕಟ್ಟಿದರೆ ಒಬ್ಬರಿಗೆ ವಾಪಸ್ ಕೊಡಬೇಕಾಗುತ್ತದೆ, ಗೇಟ್‌ವೇ ಶುಲ್ಕ ಮಾತ್ರ ಸಾಮಾನ್ಯವಾಗಿ ನಿಮ್ಮ ತಲೆಗೇ ಬೀಳುತ್ತದೆ.