ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯುವವರಿಗೆ

ಈ ವಾರ ಕಾರಿನಲ್ಲಿ ಧರ್ಮಸ್ಥಳದ ಕಡೆ ಹೊರಟವರು ಮೊದಲು ಟೈರ್ ನೋಡಿಕೊಳ್ಳಿ. ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತದೆ. ಟೈರ್ ಅದರ ಮಟ್ಟಕ್ಕೆ ಸವೆದಿದ್ದರೆ ಗೀರಿನ ಆಳ ಉಳಿದಿರುವುದು 1.6 ಮಿ.ಮೀ. ಮಾತ್ರ. ಬದಲಿಸಲೇಬೇಕು.

ಘಾಟಿಯ ಮೇಲಿನ ಊರು ಕೊಟ್ಟಿಗೆಹಾರ ದಾಟಿದ ಮೇಲೆ ಬ್ರೇಕ್ ಮೇಲೇ ಕಾಲಿಟ್ಟು ಇಳಿಯಬೇಡಿ. ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ತಡೆಯುತ್ತದೆ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಹಾಕೋ ಚಾಳಿ ಇದ್ದರೆ ಘಾಟಿಯಲ್ಲಂತೂ ಬೇಡವೇ ಬೇಡ. ವೇಗ ಇಳಿಸುವುದು ತಿರುವಿಗೆ ಮುಂಚೆ. ತಿರುವಿನ ನಡುವೆ ಜೋರಾಗಿ ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ. ಕೆಳಗಿಂದ ಬಸ್ ಹತ್ತುತ್ತಿದ್ದರೆ ನಿಂತು ದಾರಿ ಬಿಡಿ, ಅದಕ್ಕೆ ತಿರುವಿನಲ್ಲಿ ಹೆಚ್ಚುಕಡಿಮೆ ಇಡೀ ರಸ್ತೆ ಬೇಕು.

ಗಾಜು ಒಳಗಿಂದ ಮಬ್ಬಾದರೆ ಸುಮ್ನೆ ಕೈಯಲ್ಲಿ ಒರೆಸುತ್ತಾ ಕೂರಬೇಡಿ. ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ.

ಮಂಜಿನಲ್ಲಿ ಲೋ ಬೀಮ್ ಸಾಕು. ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸೋರು ಜಾಸ್ತಿ, ಅಲ್ವಾ? ಅದು ಗಾಡಿ ನಿಂತಾಗ ಹಾಕುವುದು. ಓಡುವಾಗ ಹಾಕಿದರೆ ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ.

2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿತ್ತು. ಹೊರಡುವ ಮುಂಚೆ ಘಾಟಿ ತೆರೆದಿದೆಯಾ ಕೇಳಿಕೊಳ್ಳಿ.